ಟ್ರಾನ್ಸ್‌ಫಾರ್ಮರ್ ಪಕ್ಕದ ವೀರಗಲ್ಲು

ನಮ್ಮ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ಹಾಲಿನ ಬೂತಿಗೆ ಹೋಗಲು ಅಂದು ಹಿಂದಿನ ಓಣಿ ಹಿಡಿಯಬೇಕಾಯಿತು. ಬನ್ನೇರುಘಟ್ಟ ರಸ್ತೆಯಿಂದ ಒಳಗೆ, ಹಳೆಯ ಹಳ್ಳಿಯೊಂದನ್ನು ಸುತ್ತಲಿಂದಲೂ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ಬಂದಿರುವ ಜಾಗ ಅದು. ಟ್ರಾನ್ಸ್‌ಫಾರ್ಮರಿನ ಬೇಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಸೊಂಟದೆತ್ತರದ ಕಲ್ಲೊಂದು ನಿಂತಿತ್ತು. ಮೈತುಂಬ ಅರಿಶಿನ ಕುಂಕುಮ, ನೆತ್ತಿಯ ಮೇಲೆ ಎರಡು ಕಣಗಲೆ ಹೂವು. ಕೆಲಸಕ್ಕೆ ಹೊರಟವರು ಚಪ್ಪಲಿ ಬಿಟ್ಟು, ಕೈ ಮುಗಿದು, ಮುಂದೆ ಹೋಗುತ್ತಿದ್ದರು. ನಾನೂ ಹಾಗೆಯೇ ಹೋಗುತ್ತಿದ್ದೆನೇನೋ. ಆದರೆ ಗೋಡೆಯ ಮೇಲಿನಿಂದ ಓರೆಯಾಗಿ ಬಿದ್ದ ಎಳೆ ಬಿಸಿಲಿನಲ್ಲಿ ಅರಿಶಿನದ ಅಡಿಯಿಂದ ಒಂದು ಮೊಣಕೈ ಎದ್ದು ಕಂಡಿತು. ಆಮೇಲೆ ಬಿಲ್ಲು. ಆಮೇಲೆ ಪಕ್ಕಕ್ಕೆ ವಾಲಿದ ತುರುಬು.

ಅದು ವೀರಗಲ್ಲು, ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವರ ಸನ್ನಿಧಿ. ಕುಕ್ಕರುಗಾಲಿನಲ್ಲಿ ಕುಳಿತು ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದೆ. ಎದುರಿನಿಂದ ಬೆಳಕು ಬಿಟ್ಟರೆ ಸವೆದ ಕೆತ್ತನೆ ಚಪ್ಪಟೆಯಾಗಿ ಮಾಯವಾಗುತ್ತದೆ, ಪಕ್ಕದಿಂದ ಬಿಟ್ಟರೆ ಪ್ರತಿಯೊಂದು ಗೆರೆಗೂ ನೆರಳು ಹುಟ್ಟುತ್ತದೆ. ನಡುವಿನ ಪಟ್ಟಿಯಲ್ಲಿ ವೀರನ ಎರಡೂ ಕಡೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದಿದ್ದರು. ಬಲಗಡೆಯವಳ ಮುಂಗೈಯಲ್ಲಿ ಬಳೆಗಳ ಸಾಲು. ಒಂದೊಂದು ಬಳೆಯೂ ಉಗುರಿನ ಅಂಚಿಗೆ ಸಿಗುವಷ್ಟು ಸ್ಪಷ್ಟವಾಗಿತ್ತು. ವೀರನ ಮುಖ ಸವೆದು ಹೋಗಿದ್ದರೂ ಬಳೆಗಳು ಉಳಿದಿದ್ದವು. ಹೆಸರು ಬರೆಯದೆ ಹೋದ ಆ ಕಲ್ಲುಕುಟಿಗನ ಕೈಚಳಕಕ್ಕೆ ನಾನು ಮನಸಾರೆ ತಲೆಬಾಗಿದೆ. ತುದಿಯಲ್ಲಿ ಲಿಂಗ, ಅದರ ಮುಂದೆ ನಂದಿ, ಎರಡು ಮೂಲೆಗಳಲ್ಲಿ ಸೂರ್ಯ ಚಂದ್ರರು. ಅವರಿಬ್ಬರು ಇರುವ ತನಕ ಇವನ ಕೀರ್ತಿಯೂ ಇರಲಿ ಎಂದು ಊರಿನವರು ಕಲ್ಲಿನ ಮೇಲೆ ಕಂಡರಿಸಿದ ಹರಕೆ ಅದು.

ಹೂವು ಕಟ್ಟುತ್ತ ಅಲ್ಲೇ ಕುಳಿತಿದ್ದ ವಯಸ್ಸಾದ ಹೆಂಗಸನ್ನು ಕೇಳಿದೆ: "ಅಮ್ಮಾ, ಇದು ಯಾವ ದೇವರು?"

"ವೀರಣ್ಣ ಸ್ವಾಮಿ ಕಣಪ್ಪ. ನಮ್ಮ ಅತ್ತೆಯ ಕಾಲದಿಂದಲೂ ಪೂಜೆ ನಮ್ಮದೇ."

ಅವರ ಮಾತು ನನಗೆ ಸರಿಯಾಗಿಯೇ ಕಂಡಿತು. ಊರಿಗಾಗಿ ಸತ್ತವನನ್ನು ಊರು ದೇವರ ಸಾಲಿನಲ್ಲಿ ಕೂರಿಸುವುದು ನಮ್ಮಲ್ಲಿ ಹಳೆಯ ರೂಢಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ನೋಡಿ. ಹತ್ತನೆಯ ಶತಮಾನದ ನಡುವಿನಲ್ಲಿ, ಗಂಗರ ಅರಸ ಬೂತುಗನು ತನ್ನ ವೀರ ಮಣಲೆರನಿಗೆ ಏನು ಬೇಕು ಎಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂಬ ಕಟ್ಟಳೆಯೂ ಆಯಿತು. ಆ ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಇಂದಿಗೂ ಅದರ ಮೇಲೆ ಸೆಣಸುತ್ತಲೇ ಇವೆ.

ಮೇಲ್ಸೇತುವೆಯ ಕಂಬಗಳ ಮೇಲಿನ ಚಿತ್ರಗಳು, ಚರ್ಚ್ ಸ್ಟ್ರೀಟಿನ ಗೋಡೆಗಳು ನನಗೆ ಇಷ್ಟ. ನಗರದ ಬೀದಿ ಕಲೆ ಎಂದೊಡನೆ ಎಲ್ಲರೂ ಅವುಗಳತ್ತಲೇ ಕೈ ತೋರಿಸುತ್ತಾರೆ. ಆದರೆ ಬೆಂಗಳೂರಿನ ಬೀದಿ ಕಲೆಗೆ ಸಾವಿರ ವರ್ಷ ದಾಟಿದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ವೀರಗಲ್ಲನ್ನು ನೆಟ್ಟಿದ್ದು ಊರ ಬಾಗಿಲಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ. ಹೋಗಿ ಬರುವವರ ಕಣ್ಣಿಗೆ ಬೀಳಲೆಂದೇ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಸಿಕ್ಕಿದ ಕಿತ್ತಯ್ಯನ ಕಲ್ಲು ಗಂಗರ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೇಗೂರಿನ ಗುಡಿಯ ಆವರಣದಲ್ಲಿ ಸಿಕ್ಕ, ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರೇ ಇದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ಕಲ್ಲು ಅದು. ಕೆಂಪೇಗೌಡರು ಕೋಟೆ ಕಟ್ಟಿದ್ದು ಅದಕ್ಕಿಂತ ಆರು ಶತಮಾನಗಳಿಗೂ ಹೆಚ್ಚು ಕಾಲದ ನಂತರ.

ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ಹೊಲ, ತೋಟ, ಕೆರೆ ಎಂದು ಗುರುತಿಸಿದ ಜಾಗಗಳು ಇಂದು ಬಡಾವಣೆಗಳು. ಇತಿಹಾಸದ ಅಧ್ಯಯನಕ್ಕೆಂದೇ ಇರುವ ಬೆಂಗಳೂರಿನ ಹಳೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಉಳಿದ ಶಾಸನಗಳನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದು ಈ ನಗರದಲ್ಲಿ ನಡೆಯುತ್ತಿರುವ ಅತ್ಯಂತ ಮುಖ್ಯ ಕೆಲಸಗಳಲ್ಲಿ ಒಂದು ಎಂದು ನನ್ನ ನಂಬಿಕೆ. ಆದರೆ ಅಕ್ಷರವಿಲ್ಲದ ಕಲ್ಲುಗಳ ಪಾಡು ಇನ್ನೂ ಕಷ್ಟ. ನಮ್ಮ ಓಣಿಯ ಕಲ್ಲಿನಲ್ಲಿ ಕಂಡಷ್ಟು ಭಾಗದಲ್ಲಿ ಒಂದಕ್ಷರವೂ ಇಲ್ಲ.

ಕಂಡಷ್ಟು ಭಾಗ ಎಂದೆ. ಕೆಳಗಿನ ಪಟ್ಟಿಯ ಅರ್ಧ ಕಾಂಕ್ರೀಟಿನಲ್ಲಿ ಹೂತಿದೆ. ಹಿಂದೊಮ್ಮೆ ಚರಂಡಿ ಕಟ್ಟಿದವರು ಕಲ್ಲನ್ನು ಸರಿಸುವ ಗೋಜಿಗೆ ಹೋಗದೆ ಅದರ ಮೈಗೇ ಕಾಂಕ್ರೀಟು ಸುರಿದಿದ್ದಾರೆ. ಅಂಚಿನಲ್ಲಿ ಎರಡು ಕೋಡು, ಒಂದು ಮೂತಿ ಮಾತ್ರ ಮೇಲಕ್ಕೆ ಇಣುಕುತ್ತಿವೆ. ಹಸುಗಳಿರಬೇಕು. ಹಾಗಿದ್ದರೆ ಇದು ತುರುಗಾಳಗದ ಕಲ್ಲು, ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವನದು. ಅಕ್ಷರವೇನಾದರೂ ಇದ್ದರೆ ಅದೂ ಆ ಕಾಂಕ್ರೀಟಿನ ಹಿಂದೆಯೇ ಇದ್ದೀತು. ಇದನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೇಲಿನ ಪಟ್ಟಿಗೆ ಯಾರೋ ಭಕ್ತಿಯಿಂದಲೇ ಬೆಳ್ಳಿ ಬಣ್ಣದ ಪೇಂಟು ಬಳಿದಿದ್ದರು. ಪೇಂಟು ಸಣ್ಣ ಗೆರೆಗಳನ್ನು ತುಂಬಿಬಿಡುತ್ತದೆ. ಹೂವಿನ ಅಮ್ಮನಿಗೆ ಟಾರ್ಚಿನ ಬೆಳಕಿನಲ್ಲಿ ಬಳೆಗಳನ್ನು ತೋರಿಸಿದೆ. ಅವರು ಬೆರಳಿನಿಂದ ಒಂದೊಂದನ್ನೂ ಸವರಿ, "ಇಷ್ಟು ವರ್ಷ ಪೂಜೆ ಮಾಡಿದರೂ ಇದನ್ನು ನೋಡಿರಲಿಲ್ಲವಲ್ಲಪ್ಪ" ಎಂದರು. ಮುಂದಿನ ಹಬ್ಬಕ್ಕೆ ಪೇಂಟು ಬೇಡ, ನೀರಿನಲ್ಲಿ ತೊಳೆದು ಹೂವು ಇಟ್ಟರೆ ಸಾಕು ಎಂದದ್ದಕ್ಕೆ ಒಪ್ಪಿದರು. ಹಳೆಯ ಪೇಂಟನ್ನು ಕೆರೆದು ತೆಗೆಯಬಾರದು, ಅದು ಬಲ್ಲವರು ಮಾಡುವ ಕೆಲಸ ಎಂದೂ ಹೇಳಿದೆ.

ಕಾಂಕ್ರೀಟಿನ ವಿಷಯಕ್ಕೆ ಅರ್ಜಿ ಬರೆದಿದ್ದೇವೆ. ಕಲ್ಲನ್ನು ಸಂಗ್ರಹಾಲಯಕ್ಕೆ ಸಾಗಿಸುವುದು ಬೇಡ, ಅದು ನಿಂತ ಊರಿನಲ್ಲಿಯೇ ನಿಲ್ಲಲಿ, ಯಂತ್ರ ಬಳಸದೆ ಉಳಿಯಿಂದ ಕಾಂಕ್ರೀಟು ಬಿಡಿಸಲಿ, ಆ ಹೊತ್ತಿಗೆ ಪುರಾತತ್ವ ಬಲ್ಲವರೊಬ್ಬರು ಎದುರಿಗಿರಲಿ ಎಂದು ಕೇಳಿದ್ದೇವೆ. ಓಣಿಯ ಅಂಗಡಿಯವರು, ಅಪಾರ್ಟ್‌ಮೆಂಟಿನ ಕಾವಲುಗಾರರು ಸಹಿ ಹಾಕಿದ್ದಾರೆ. ಮೊದಲ ಸಹಿ ಹೂವಿನ ಅಮ್ಮನದು.