ಬೆಂಕಿ ಫೋಟೋ ಅಂತೀರ, ಬೆಂಕಿ ಎಲ್ರೀ?

ಬೇಸಿಗೆ ಬರುವ ಮುಂಚೆ ಬಂಡೀಪುರದಲ್ಲಿ ಕಾಡ್ಗಿಚ್ಚು ತಡೆಯಲು ಅರಣ್ಯ ಇಲಾಖೆಯವರು ಬೆಂಕಿ ರೇಖೆ ಸುಡುತ್ತಾರೆ. ಅನುಮತಿ ಸಿಕ್ಕಾಗೆಲ್ಲ ಹೋಗಿ ಆ ಕೆಲಸದ ಫೋಟೋ ತೆಗೆಯುತ್ತೇನೆ. ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಬೆಂಕಿ ಫೋಟೋ ಅಂತೀರ, ಬೆಂಕಿ ಎಲ್ರೀ?’ ಹೊಗೆ ಇದೆ, ಕರಿ ನೆಲ ಇದೆ, ಹಸಿ ಸೊಪ್ಪು ಹಿಡಿದು ನಿಂತ ಜನ ಇದ್ದಾರೆ. ಮರದೆತ್ತರದ ಜ್ವಾಲೆ ಮಾತ್ರ ಇಲ್ಲ.

ಅಲ್ಲಿ ಅಷ್ಟು ಬೆಂಕಿ ಇರುವುದೇ ಇಲ್ಲ ಸ್ವಾಮಿ. ಇದ್ದರೆ ಕೆಲಸ ಕೆಟ್ಟಿದೆ ಅಂತ ಅರ್ಥ. ಆಗ ನನ್ನನ್ನು ಮೊದಲು ಜೀಪ್ ಹತ್ತಿಸಿ ಕಳಿಸುತ್ತಾರೆ.

ಬೆಂಕಿ ರೇಖೆ ಅಂದರೆ ರಸ್ತೆ, ಜೀಪ್ ದಾರಿ, ಊರಿನ ಗಡಿ ಇವುಗಳ ಪಕ್ಕದಲ್ಲಿ ಬೋಳು ಮಾಡಿದ ಪಟ್ಟಿ. ಹುಲ್ಲು, ಲಂಟಾನ ಪೊದೆ ಎಲ್ಲ ಸವರಿ ಒಣಗಲು ಬಿಡುತ್ತಾರೆ. ಆಮೇಲೆ ತಾವೇ ನಿಂತು ಸುಡುತ್ತಾರೆ. ಇದು ನಡೆಯುವುದು ಡಿಸೆಂಬರ್, ಜನವರಿ ಹೊತ್ತಿಗೆ. ಆಗ ಒಳಗಿನ ಕಾಡಲ್ಲಿ ಇನ್ನೂ ಸ್ವಲ್ಪ ಪಸೆ ಇರುತ್ತದೆ, ಬೆಳಿಗ್ಗೆ ಇಬ್ಬನಿ ಬೀಳುತ್ತದೆ, ಬೆಂಕಿ ಮಾತು ಕೇಳುತ್ತದೆ. ಫೆಬ್ರವರಿ ಕೊನೆಗೆ ಯಾರೋ ಬೀಡಿ ಎಸೆದು, ಇಲ್ಲವೇ ಬೇಕಂತಲೇ ಕಡ್ಡಿ ಗೀರಿ ಎಬ್ಬಿಸುವ ಬೆಂಕಿ ಯಾರ ಮಾತೂ ಕೇಳಲ್ಲ. ಅದು ಈ ಪಟ್ಟಿ ತನಕ ಬಂದಾಗ ತಿನ್ನಲು ಏನೂ ಸಿಗಬಾರದು, ಅಷ್ಟೇ ಲೆಕ್ಕ.

ಆ ಇನ್ನೊಂದು ಥರದ ಬೆಂಕಿಯನ್ನು 2019ರ ಫೆಬ್ರವರಿಯಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಾಲ್ಕು ಸಾವಿರ ಹೆಕ್ಟೇರಿಗೂ ಜಾಸ್ತಿ ಕಾಡು ಹೋಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ತಂದು ಸುರಿದವು. ಆ ವಾರ ವಾಟ್ಸಾಪ್‌ನಲ್ಲಿ ಬಂದ ಫೋಟೋಗಳಲ್ಲಿ ಎಷ್ಟೋ ಬಂಡೀಪುರದವೇ ಅಲ್ಲ, ಬೇರೆ ದೇಶದ ಹಳೇ ಫೋಟೋಗಳು. ಜ್ವಾಲೆ ದೊಡ್ಡದಿದ್ದರೆ ಸಾಕು, ಎಲ್ಲಿಯದು ಅಂತ ಯಾರೂ ಕೇಳಲ್ಲ. ಅದಕ್ಕೇ ನನಗೆ ದೊಡ್ಡ ಜ್ವಾಲೆಯ ಫೋಟೋ ಅಂದರೆ ಸ್ವಲ್ಪ ಗುಮಾನಿ. ನಾನು ರೇಖೆ ಸುಡುವಾಗ ಕೆಳಗೆ ಕೂತು, ವೈಡ್ ಲೆನ್ಸ್ ಹಾಕಿ ಮೊಣಕಾಲೆತ್ತರದ ಉರಿಯನ್ನು ಆಕಾಶದೆತ್ತರಕ್ಕೆ ತೋರಿಸಬಹುದು. ಕಷ್ಟವೇನಿಲ್ಲ. ಆದರೆ ಮರುದಿನ ಅದೇ ಫೋಟೋ ‘ಬಂಡೀಪುರ ಹೊತ್ತಿ ಉರಿಯುತ್ತಿದೆ’ ಅಂತ ನನಗೇ ವಾಪಸ್ ಬರುತ್ತದೆ.

ಹಾಗಾದರೆ ಏನನ್ನು ತೆಗೆಯುತ್ತೀರಿ ಅಂದರೆ, ಕಾಯುವವರನ್ನು. ಹಚ್ಚುವುದು ಒಬ್ಬನೋ ಇಬ್ಬರೋ. ಉಳಿದವರೆಲ್ಲ ರೇಖೆಯ ಅಂಚಿನಲ್ಲಿ, ಬೆಂಕಿಗೆ ಬೆನ್ನು ಹಾಕಿ ಸುಡದ ಕಾಡಿನ ಕಡೆ ನೋಡುತ್ತಾ ನಿಂತಿರುತ್ತಾರೆ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕಿಡಿ ಹಾರಿ ಬೀಳುವುದು ಆ ಕಡೆಗೇ. ಬಿತ್ತೋ, ನಾಲ್ಕು ಹೆಜ್ಜೆ ಹಾಕಿ ಸೊಪ್ಪಿನಲ್ಲಿ ಒತ್ತಿ ಬಡಿಯುತ್ತಾರೆ. ಬೀಸಿ ಬಡಿದರೆ ಕಿಡಿ ಇನ್ನಷ್ಟು ಹಾರುತ್ತದೆ, ಒತ್ತಬೇಕು.

ನನಗೆ ತುಂಬ ಇಷ್ಟದ ಫೋಟೋ ಆನೆ ಲದ್ದಿಯದು. ಒಣಗಿದ ಲದ್ದಿ ಭಗ್ಗನೆ ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ಗಂಟೆಗಟ್ಟಲೆ ಇರುತ್ತದೆ. ಮೇಲಿಂದ ನೋಡಿದರೆ ತಣ್ಣಗಾದ ಬೂದಿ. ಸಂಜೆ ಗಾಳಿ ಎದ್ದಾಗ ಉರುಳಿ ಆಚೆ ಹೋದರೆ ಮುಗಿಯಿತು. ಉರಿ ಆರಿದ ಮೇಲೆ ಬೆಂಕಿ ಕಾಯುವ ಒಬ್ಬ ವಾಚರ್ ರೇಖೆಯುದ್ದಕ್ಕೂ ನಡೆಯುತ್ತಾ ಪ್ರತಿ ಲದ್ದಿಯನ್ನೂ ಕೋಲಿನಿಂದ ಒಡೆಯುತ್ತಿದ್ದರು. ಒಳಗೆ ನಾರು ನಾರಾಗಿ ಕೆಂಪು. ಮೇಲೆ ಅಂಗೈ ಚಾಚಿ ಕಾವು ನೋಡುವುದು, ಬೆನ್ನಿಗೆ ಕಟ್ಟಿದ ಸ್ಪ್ರೇಯರ್‌ನಿಂದ ಸ್ವಲ್ಪವೇ ನೀರು, ಮತ್ತೆ ಕೆದಕುವುದು, ಮತ್ತೆ ಅಂಗೈ. ಆ ಅಂಗೈ ಮತ್ತು ಕೆಂಪು ನಾರು, ಫೋಟೋದಲ್ಲಿ ಇರುವುದು ಅಷ್ಟೇ. ‘ಇದೇನ್ರೀ ಸಗಣಿ ಫೋಟೋ’ ಅಂದವರೂ ಇದ್ದಾರೆ.

ಕ್ಯಾಮೆರಾ ವಿಷಯ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ಬೆಂಕಿಯ ಆಚೆಗಿನದನ್ನು ಟೆಲಿ ಲೆನ್ಸ್‌ನಲ್ಲಿ ತೆಗೆಯಬೇಡಿ, ಬಿಸಿಗಾಳಿ ಅಲುಗಾಡಿ ಏನೂ ಶಾರ್ಪ್ ಬರಲ್ಲ. ಉರಿ ಫ್ರೇಮಿನಲ್ಲಿದ್ದರೆ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ, ಮುಖ ನೋಡಿ ಎಕ್ಸ್‌ಪೋಷರ್ ಇಡಿ. ಬೂದಿಯಲ್ಲಿ ಲೆನ್ಸ್ ಬದಲಿಸಬೇಡಿ. ಹತ್ತಿ ಬಟ್ಟೆ ಹಾಕಿ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ನಿಲ್ಲುವ ಜಾಗವನ್ನು ಮಾತ್ರ ನೀವು ಆರಿಸಬೇಡಿ. ‘ಸಾ, ಅಲ್ಲಿ ಬ್ಯಾಡ, ಸುಟ್ಟಿರೋ ಕಡೆ ಬನ್ನಿ’ ಅಂತ ಕರೆದರೆ ಎಷ್ಟೇ ಒಳ್ಳೇ ಬೆಳಕಿದ್ದರೂ ಬಿಟ್ಟು ಹೋಗಿ. ಪೂರ್ತಿ ಸುಟ್ಟ ನೆಲದಲ್ಲಿ ಮತ್ತೆ ಉರಿಯಲು ಏನೂ ಉಳಿದಿರುವುದಿಲ್ಲ. ಅಲ್ಲಿಂದ ಕಾಣುವುದೇ ನಿಮ್ಮ ಫೋಟೋ. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ಕಾಡು ಬಲ್ಲವರ ಕಥೆಯೇ ಹೀಗಿರುವಾಗ ನಾವೆಷ್ಟರವರು.

‘ಕಾಡಿಗೆ ಬೆಂಕಿ ಹಚ್ಚುವುದೇ ತಪ್ಪಲ್ವಾ?’ ಅಂತಲೂ ಕೇಳುತ್ತಾರೆ. ನಾನೋ ನೀವೋ ಹಚ್ಚಿದರೆ ಖಂಡಿತ ತಪ್ಪು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಆದರೆ ಬೆಂಕಿಯೆಲ್ಲ ಕೆಟ್ಟದ್ದು ಅನ್ನುವ ಮಾತನ್ನು ನಾನು ಒಪ್ಪಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಉದುರಿದ ಎಲೆಯಷ್ಟೇ ಸುಟ್ಟು ಹೋಗುವ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಆ ರೂಢಿ ನಿಂತಿತು. ಆಮೇಲೆಯೇ ಲಂಟಾನ ಈ ಪರಿ ಹಬ್ಬಿದ್ದು, ನೆಲ್ಲಿ ಮರಗಳಿಗೆ ಬಂದಳಿಕೆ ಅನ್ನುವ ಪರಾವಲಂಬಿ ಗಿಡ ಅಂಟಿದ್ದು ಅನ್ನುತ್ತಾರೆ ಅಲ್ಲಿನ ಹಿರಿಯರು. ಇಂದು ಬೇಸಿಗೆಗೆ ದಿನಗೂಲಿ ಮೇಲೆ ಬರುವ ಫೈರ್ ವಾಚರ್‌ಗಳಲ್ಲಿ ಕಾಡಂಚಿನ ಹಾಡಿಗಳವರು, ಅಂದರೆ ಆದಿವಾಸಿ ಕೇರಿಗಳವರು, ಬಹಳ ಮಂದಿ. ಬೆಂಕಿ ಎಲ್ಲಿ, ಯಾವಾಗ, ಎಷ್ಟು ಅನ್ನುವುದನ್ನು ತೀರ್ಮಾನಿಸುವಾಗಲೂ ಅವರನ್ನು ಕೂರಿಸಿಕೊಂಡು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು, ‘ನಾನೂ ಬರಬಹುದಾ?’ ಸುಮ್ನೆ ಬರುವ ಹಾಗಿಲ್ಲ, ಇಲಾಖೆಯ ಅನುಮತಿ ಬೇಕು. ಜನವರಿಯಲ್ಲಿ ಊಟಿಗೆ ಹೊರಟಾಗ ಬಂಡೀಪುರದ ರಸ್ತೆ ಪಕ್ಕ ಹೊಗೆ ಕಂಡು, ಜೊತೆಗೆ ಸಿಬ್ಬಂದಿಯೂ ಇದ್ದರೆ ಕಾರು ನಿಲ್ಲಿಸಬೇಡಿ, ಗಾಜು ಏರಿಸಿ ಮುಂದೆ ಹೋಗಿ. ಹೊಗೆ ಇದ್ದು ಜನ ಇಲ್ಲದಿದ್ದರೆ ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಹೇಳಿ. ಫೋಟೋ ಬೇಡ.