ಬಾತ್‌ನಿಂದ ಡಾರ್ಕ್ ಹೆಡ್ಜಸ್‌ವರೆಗೆ: ಸುರಂಗಗಳ ಫೋಟೊ ತೆಗೆಯುವ ಪ್ರವಾಸ

ಸುರಂಗದ ಫೋಟೊ ತೆಗೆಯಲು ಹೋದವರು ಸಾಮಾನ್ಯವಾಗಿ ದಾರಿಯ ನಟ್ಟನಡುವೆ ನಿಂತು ದೂರದ ಬೆಳಕಿಗೆ ಗುರಿಯಿಡುತ್ತಾರೆ. ಸಿಗುವ ಚಿತ್ರ ಕಪ್ಪು ಹಲಗೆಯ ಮೇಲಿಟ್ಟ ಬಿಳಿ ಬೊಟ್ಟಿನಂತಿರುತ್ತದೆ. ಬ್ರಿಟನ್ನಿನ ಹಳೆಯ ರೈಲು ಸುರಂಗಗಳಿಂದ ಹಿಡಿದು ಮರಗಳೇ ಕಮಾನು ಕಟ್ಟಿದ ರಸ್ತೆಗಳವರೆಗೆ ಸುತ್ತಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಸುರಂಗದ ಚೆಲುವೆಲ್ಲ ಬಾಯಿಯಿಂದ ಇಪ್ಪತ್ತು ಮೂವತ್ತು ಹೆಜ್ಜೆ ಒಳಗಿರುತ್ತದೆ. ಹೊರಗಿನ ಬೆಳಕು ಗೋಡೆಯನ್ನು ಸವರಿಕೊಂಡು ಬಂದು ಆರಿಹೋಗುವ ಜಾಗ ಅದು. ನಿಮ್ಮ ಹೆಚ್ಚಿನ ಸಮಯವನ್ನು ಅಲ್ಲಿಗೇ ಮೀಸಲಿಡಿ.

ಮೊದಲು ಬಾತ್ ನಗರಕ್ಕೆ ಹೋಗಿ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ನೇರ ರೈಲುಗಳಿವೆ. ಇಲ್ಲಿ 1874ರಲ್ಲಿ ತೆರೆದು 1966ರಲ್ಲಿ ಮುಚ್ಚಿದ ರೈಲುಮಾರ್ಗವೊಂದು 2013ರಿಂದ ಕಾಲ್ನಡಿಗೆ ಮತ್ತು ಸೈಕಲ್ ದಾರಿಯಾಗಿದೆ. ಆ ದಾರಿಯಲ್ಲಿ ಎರಡು ಸುರಂಗಗಳಿವೆ. ಚಿಕ್ಕದು ಡೆವನ್‌ಶೈರ್, ಸುಮಾರು 400 ಮೀಟರ್. ದೊಡ್ಡದು ಕೂಂಬ್ ಡೌನ್, 1,672 ಮೀಟರ್. ಪ್ರವೇಶ ಉಚಿತ. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ಒಳಗೆ ದೀಪಗಳು ಉರಿಯುತ್ತವೆ. ಕೂಂಬ್ ಡೌನ್‌ನ ನಡುಭಾಗದಲ್ಲಿ ನಡೆಯುವವರಿಗೆ ಸಂಗೀತವೂ ಕೇಳಿಸುತ್ತದೆ.

ಕೂಂಬ್ ಡೌನ್‌ನಲ್ಲಿ ದೀಪಗಳಿಗಿಂತ ಗೋಡೆಯನ್ನು ನೋಡಿ. ಈ ಸುರಂಗಕ್ಕೆ ಹೊಗೆ ಹೋಗಲು ಗಾಳಿಗಂಡಿಗಳೇ ಇರಲಿಲ್ಲ. 1929ರ ನವೆಂಬರ್‌ನಲ್ಲಿ ಗೂಡ್ಸ್ ರೈಲೊಂದು ಏರಿನಲ್ಲಿ ತೆವಳುತ್ತ ಸಾಗುವಾಗ ಎಂಜಿನ್ ಸಿಬ್ಬಂದಿ ಹೊಗೆಗೆ ಉಸಿರುಗಟ್ಟಿ ಪ್ರಜ್ಞೆ ತಪ್ಪಿದರು. ಹಿಡಿತವಿಲ್ಲದ ರೈಲು ಸುರಂಗದಿಂದ ಹೊರಬಂದು ಇಳಿಜಾರಿನಲ್ಲಿ ಓಡಿ ಬಾತ್‌ನ ಯಾರ್ಡ್ ಬಳಿ ಉರುಳಿತು. ಮೂವರು ಸತ್ತರು. ಇದನ್ನು ತಿಳಿದು ಒಳಗೆ ನಡೆದರೆ ಗೋಡೆಯ ಮಸಿ ಬರಿಯ ಕೊಳೆಯಾಗಿ ಕಾಣುವುದಿಲ್ಲ. ಬಾಯಿಯ ಹತ್ತಿರ ಓರೆಯಾಗಿ ಬೀಳುವ ಬೆಳಕಿನಲ್ಲಿ ಕಲ್ಲಿನ ಪ್ರತಿ ಉಬ್ಬಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಕಪ್ಪಾಗಿಯೇ ಉಳಿಯುತ್ತದೆ. ನೀರು ಜಿನುಗುವ ಕಡೆ ಮಸಿಯ ನಡುವೆ ತೆಳುವಾದ ಬಿಳಿ ಸುಣ್ಣದ ಗೆರೆ ಇಳಿದಿರುತ್ತದೆ. ಕ್ಯಾಮೆರಾವನ್ನು ಗೋಡೆಗೆ ಒಂದು ಮೊಳ ದೂರದಲ್ಲಿಟ್ಟು, ಆ ಗೆರೆಯನ್ನು ಮುನ್ನೆಲೆಗೆ ತಂದು, ಸುರಂಗದ ಬಾಯನ್ನು ಚೌಕಟ್ಟಿನ ಮೂಲೆಗೆ ಸರಿಸಿ ನೋಡಿ. ಆಗ ಆ ಸುರಂಗಕ್ಕೆ ಆಳ ಬರುತ್ತದೆ, ವಯಸ್ಸೂ ಬರುತ್ತದೆ.

ಬೆಳಕಿನ ಲೆಕ್ಕ ಹೀಗೆ. ಹೊರಗಿನ ಬಿಸಿಲಿಗೂ ಒಳಗಿನ ಕತ್ತಲೆಗೂ ಇರುವ ಅಂತರವನ್ನು ಯಾವ ಕ್ಯಾಮೆರಾವೂ ಒಂದೇ ಕ್ಲಿಕ್ಕಿನಲ್ಲಿ ಪೂರ್ತಿಯಾಗಿ ಹಿಡಿಯಲಾರದು. ಆಟೊ ಮೋಡ್‌ನಲ್ಲಿ ಬಿಟ್ಟರೆ ಅದು ಕತ್ತಲೆಯನ್ನು ಬೂದು ಮಾಡಲು ಹೋಗಿ ಸುರಂಗದ ಬಾಯನ್ನು ಬರಿಯ ಬಿಳುಪಾಗಿ ಸುಟ್ಟುಹಾಕುತ್ತದೆ. ಮ್ಯಾನ್ಯುಯಲ್ ಮೋಡ್‌ಗೆ ಬನ್ನಿ. ಟ್ರೈಪಾಡ್ ಮೇಲೆ ಐಎಸ್ಒ 100 ಅಥವಾ 200, ಅಪರ್ಚರ್ ಎಫ್ 8, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಅಂತರದಲ್ಲಿ ಮೂರರಿಂದ ಐದು ಎಕ್ಸ್‌ಪೋಶರ್, ಎಲ್ಲವೂ ರಾ ಕಡತಗಳಾಗಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಕಡತಗಳಾಗಿ. ಆಮೇಲೆ ಅವನ್ನು ಬೆಸೆಯುವಾಗ ಕತ್ತಲೆಯನ್ನು ಪೂರ್ತಿ ತೊಳೆದುಹಾಕಬೇಡಿ. ಎಲ್ಲ ಮೂಲೆಗಳೂ ಒಂದೇ ಸಮ ಬೆಳಗಿದರೆ ಅದು ಸುರಂಗವಾಗಿ ಉಳಿಯುವುದಿಲ್ಲ. ಮೊಬೈಲ್‌ನಲ್ಲಿ ತೆಗೆಯುವವರು ಬಾಯಿಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ನಂತರ ಬೆಳಕನ್ನು ಸ್ವಲ್ಪ ಕೆಳಗೆ ಎಳೆದುಕೊಳ್ಳಬೇಕು.

ಚಿತ್ರದಲ್ಲಿ ಅಡ್ಡ ಪಟ್ಟಿಗಳು ಕಂಡರೆ ದೀಪದ ಮಿನುಗುವಿಕೆ ಕಾರಣವಿರಬಹುದು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಇಲ್ಲಿಯ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 1/50 ಅಥವಾ 1/100 ಸೆಕೆಂಡಿನ ಶಟರ್ ವೇಗ ಸಾಮಾನ್ಯವಾಗಿ ಹೊಂದುತ್ತದೆ. ಚಳಿಗಾಲದಲ್ಲಿ ಹೊರಗೆ ತಣ್ಣಗಾದ ಲೆನ್ಸ್ ಸುರಂಗದ ತೇವಕ್ಕೆ ಬಂದ ಕೂಡಲೇ ಮಂಜುಗಟ್ಟುತ್ತದೆ. ಕಾಲು ಗಂಟೆ ಚೀಲದೊಳಗೇ ಇರಲಿ, ಒರೆಸುತ್ತ ಕೂರಬೇಡಿ. ಸೈಕಲ್ ಸವಾರರು ವೇಗವಾಗಿ ಬರುತ್ತಾರೆ, ಹಾಗಾಗಿ ಟ್ರೈಪಾಡ್‌ನ ಮೂರೂ ಕಾಲುಗಳು ಗೋಡೆಯ ಪಕ್ಕಕ್ಕಿರಲಿ, ಮೈಮೇಲೆ ಒಂದು ಪುಟ್ಟ ದೀಪವಿರಲಿ. ಆ ಸವಾರರೇ ನಿಮಗೆ ಚಿತ್ರವನ್ನೂ ಕೊಡುತ್ತಾರೆ: ಆರೇಳು ಸೆಕೆಂಡು ಶಟರ್ ತೆರೆದಿಟ್ಟರೆ ಅವರ ದೀಪ ಸುರಂಗದ ತಿರುವನ್ನೇ ಗೆರೆ ಎಳೆದು ತೋರಿಸುತ್ತದೆ.

ಬಾತ್‌ನ ಹತ್ತಿರದಲ್ಲೇ ಬಾಕ್ಸ್ ಸುರಂಗವಿದೆ. ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ್ದು, 1841ರಲ್ಲಿ ತೆರೆದದ್ದು, ಸುಮಾರು 2.9 ಕಿಲೋಮೀಟರ್ ನೇರ ಗೆರೆ. ಇದರಲ್ಲಿ ಈಗಲೂ ರೈಲು ಓಡುತ್ತದೆ, ಆದ್ದರಿಂದ ಒಳಗೆ ಹೋಗುವ ಮಾತೇ ಇಲ್ಲ. ಪಶ್ಚಿಮದ ಭವ್ಯ ದ್ವಾರ ಬಾಕ್ಸ್ ಊರಿನ ಎ4 ರಸ್ತೆಯಿಂದ ಕಾಣುತ್ತದೆ. ಅಲ್ಲಿಂದ ಉದ್ದದ ಲೆನ್ಸ್ ಹಾಕಿ, 1/500ಕ್ಕಿಂತ ಹೆಚ್ಚಿನ ವೇಗದಲ್ಲಿ, ರೈಲು ಹೊರಬರುವುದನ್ನು ಕಾಯಿರಿ. ಬೇಲಿ ದಾಟಿ ಹಳಿಗೆ ಇಳಿಯುವುದು ಅಪರಾಧ, ದಂಡ 1,000 ಪೌಂಡ್‌ವರೆಗೂ ಆಗಬಹುದು. ಪ್ರಾಣದ ಮಾತು ಬೇರೆಯೇ. ನಿಲ್ದಾಣದ ಪ್ಲಾಟ್‌ಫಾರ್ಮ್‌ನಲ್ಲಿ ಫ್ಲ್ಯಾಶ್ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಮರಗಳ ಸುರಂಗಕ್ಕೆ ಬಂದರೆ ಬೆಳಕಿನ ಲೆಕ್ಕವೇ ಬದಲಾಗುತ್ತದೆ. ಇಲ್ಲಿ ಚಾವಣಿಯೇ ಸೋರುತ್ತದೆ! ಬಿಸಿಲಿದ್ದರೆ ನೆಲದ ತುಂಬ ಬಿಳಿ ಮಚ್ಚೆಗಳು ಬಿದ್ದು ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಮೋಡ ಮುಸುಕಿದ ದಿನ, ಸಾಧ್ಯವಾದರೆ ಮಂಜಿನ ಬೆಳಗು, ಇದಕ್ಕೆ ಹೇಳಿ ಮಾಡಿಸಿದ್ದು. ಚಿಚೆಸ್ಟರ್ ಬಳಿಯ ಹ್ಯಾಲ್ನೇಕರ್‌ನಲ್ಲಿ ರೋಮನ್ನರ ಕಾಲದ ಸ್ಟೇನ್ ಸ್ಟ್ರೀಟ್ ಹೆದ್ದಾರಿಯ ತುಣುಕೊಂದು ಗಾಳಿಯಂತ್ರದ ಗುಡ್ಡಕ್ಕೆ ಹೋಗುವ ಕಾಲುದಾರಿಯಾಗಿ ಉಳಿದಿದೆ. ದಾರಿ ಸುತ್ತಲಿನ ಹೊಲಕ್ಕಿಂತ ತಗ್ಗಿನಲ್ಲಿದೆ, ಮೇಲೆ ಕೊಂಬೆಗಳು ದುಂಡಗೆ ಹೆಣೆದುಕೊಂಡಿವೆ. ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಆಗ ದುಂಡು ಪೂರ್ತಿಯಾಗುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಎಲೆಗಳ ಬಣ್ಣ ಚೆನ್ನ. ಒಂದು ಮುಂಜಾನೆ ಇಲ್ಲಿಗೆ ಸಾಕು.

ನನ್ನ ಮನಸ್ಸು ಹೆಚ್ಚು ನಿಂತದ್ದು ಉತ್ತರ ಐರ್ಲೆಂಡಿನ ಡಾರ್ಕ್ ಹೆಡ್ಜಸ್‌ನಲ್ಲಿ. ಆಂಟ್ರಿಮ್ ಕೌಂಟಿಯ ಬ್ರೆಗಾ ರಸ್ತೆಯ ಎರಡೂ ಬದಿಗೆ ಹದಿನೆಂಟನೆಯ ಶತಮಾನದಲ್ಲಿ ಸ್ಟುವರ್ಟ್ ಕುಟುಂಬ ತನ್ನ ಗ್ರೇಸ್‌ಹಿಲ್ ಮನೆಯ ದಾರಿಗೆಂದು ನೆಟ್ಟ ಬೀಚ್ ಮರಗಳಿವು. ಟಿವಿ ಧಾರಾವಾಹಿಯೊಂದರಿಂದ ಪ್ರಸಿದ್ಧಿ ಬಂದ ಮೇಲೆ ವಾಹನಗಳು ಬೇರುಗಳನ್ನು ತುಳಿಯತೊಡಗಿದವು. ಅದಕ್ಕೆಂದೇ 2017ರಿಂದ ಇಲ್ಲಿ ಸಾರ್ವಜನಿಕ ವಾಹನ ಸಂಚಾರಕ್ಕೆ ನಿಷೇಧವಿದೆ. ನೆಟ್ಟ ಸುಮಾರು 150 ಮರಗಳಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಅರ್ಧ. 2016ರ ಬಿರುಗಾಳಿಗೆ ಕೆಲವು ಉರುಳಿದವು, 2023ರ ನವೆಂಬರ್‌ನಲ್ಲಿ ಆರನ್ನು ಸುರಕ್ಷತೆಗಾಗಿ ಕಡಿದರು, 2024ರ ಜನವರಿಯಲ್ಲಿ ಮತ್ತೆ ಗಾಳಿಗೆ ಕೆಲವು ಬಿದ್ದವು. ಹೋಗಬೇಕೆಂದಿರುವವರು ತಡಮಾಡಬೇಡಿ.

ಮರಗಳ ನಡುವೆ ಈಗ ಅಲ್ಲಲ್ಲಿ ಆಕಾಶದ ಕಂಡಿಗಳಿವೆ. ಅಗಲ ಲೆನ್ಸ್ ಹಾಕಿದರೆ ಆ ಕಂಡಿಗಳೆಲ್ಲ ಬಾಯ್ತೆರೆದು ಕಾಣುತ್ತವೆ. ಹಿಂದಕ್ಕೆ ನಡೆದು 100ರಿಂದ 200 ಮಿಲಿಮೀಟರ್ ಲೆನ್ಸ್‌ನಲ್ಲಿ ನೋಡಿ: ದೂರದೂರದ ಕಾಂಡಗಳು ಒತ್ತಿಕೊಂಡು ಕಮಾನು ಮತ್ತೆ ಮುಚ್ಚಿಕೊಳ್ಳುತ್ತದೆ. ಇಲ್ಲಿಯೂ ನಡುರಸ್ತೆ ಬಿಟ್ಟು ಒಂದು ಬದಿಯ ಕಾಂಡಗಳಿಗೆ ಹತ್ತಿರವಾಗಿ ನಿಲ್ಲಿ, ಆದರೆ ಟಾರಿನ ಮೇಲೆಯೇ. ಬೂದು ಬಣ್ಣದ ನುಣುಪು ತೊಗಟೆ ಮಳೆಯಲ್ಲಿ ನೆನೆದಾಗ ಒಂದು ಮಗ್ಗುಲು ಬೆಳ್ಳಗೆ ಹೊಳೆಯುತ್ತದೆ, ಕೊಂಬೆ ತಿರುಚಿಕೊಂಡಲ್ಲೆಲ್ಲ ಆ ಹೊಳಪೂ ತಿರುಗುತ್ತದೆ. ಕಾಂಡದ ಮೇಲೆ ಜನ ಕೊರೆದ ಹೆಸರುಗಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಬೇರಿನ ಮೇಲೆ ಟ್ರೈಪಾಡ್ ಊರಬೇಡಿ, ಗಾಳಿ ಜೋರಿದ್ದರೆ ಮರದಡಿ ನಿಲ್ಲಬೇಡಿ.

ಬೆಲ್‌ಫಾಸ್ಟ್‌ನಿಂದ ಬರುವ ಪ್ರವಾಸಿ ಬಸ್ಸುಗಳು ಹಗಲಿನಲ್ಲಿ ಜನರನ್ನು ತಂದು ಇಳಿಸುತ್ತವೆ. ಜೂನ್‌ನಲ್ಲಿ ಸೂರ್ಯ ಬೆಳಿಗ್ಗೆ ಐದಕ್ಕಿಂತ ಮೊದಲೇ ಹುಟ್ಟುವುದರಿಂದ ಖಾಲಿ ರಸ್ತೆ ಬೇಕಾದವರು ಹತ್ತಿರದಲ್ಲೇ ತಂಗಬೇಕು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಒಂದು ಎಚ್ಚರಿಕೆ: ಉತ್ತರ ಐರ್ಲೆಂಡ್ ಬ್ರಿಟನ್ನಿನ ವೀಸಾದಲ್ಲಿ ಸೇರುತ್ತದೆ, ಬೇರೆ ದೇಶವಾದ ಐರ್ಲೆಂಡಿನ ಡಬ್ಲಿನ್ ಸೇರುವುದಿಲ್ಲ. ಟಿಕೆಟ್ ಅಗ್ಗವೆಂದು ಡಬ್ಲಿನ್ ದಾರಿ ಹಿಡಿಯುವ ಮೊದಲು ನಿಮ್ಮ ವೀಸಾ ಐರ್ಲೆಂಡಿಗೂ ನಡೆಯುತ್ತದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಇಂಗ್ಲೆಂಡಿನಿಂದ ನೇರ ಬೆಲ್‌ಫಾಸ್ಟ್‌ಗೆ ಹಾರಿ. ಅಲ್ಲಿಂದ ಬ್ಯಾಲಿಮನಿಗೆ ರೈಲಿದೆ. ಬ್ಯಾಲಿಮನಿಯಿಂದ ಟ್ಯಾಕ್ಸಿ ಮಾಡಿಕೊಳ್ಳುವಾಗಲೇ ವಾಪಸು ಕರೆದೊಯ್ಯುವ ಹೊತ್ತನ್ನೂ ಚಾಲಕರಿಗೆ ಹೇಳಿಡಿ, ಆ ಹಳ್ಳಿ ರಸ್ತೆಯಲ್ಲಿ ಕೈಮಾಡಿದರೆ ನಿಲ್ಲುವ ಟ್ಯಾಕ್ಸಿ ಸಿಗುವುದಿಲ್ಲ.