ಕಂಸಾಳೆ ಮತ್ತು ನನ್ನ ಮೊಣಕೈ

ಎಂಬಿಎ ಮೊದಲ ವರ್ಷ, ಸೆಕ್ಷನ್‌ಗಳ ನಡುವೆ ಸಾಂಸ್ಕೃತಿಕ ಸ್ಪರ್ಧೆ. ಎ ಸೆಕ್ಷನ್‌ನವರದು ಫ್ಯಾಷನ್ ಶೋ. ನಮ್ಮ ಸೆಕ್ಷನ್‌ನ ಕೊಳ್ಳೇಗಾಲದ ಹುಡುಗ ‘ಕಂಸಾಳೆ ಮಾಡೋಣ ಕಣ್ರೋ’ ಅಂದುಬಿಟ್ಟ. ಅವನ ತಾತ ಮಾದಪ್ಪನ (ಮಲೆ ಮಹದೇಶ್ವರನ) ಹಾಡು ಹೇಳ್ತಾ ಕಂಸಾಳೆ ಕುಣಿಯುವ ಭಕ್ತರು, ಅಂದರೆ ದೇವರಗುಡ್ಡರಂತೆ.

ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ಬಿಲ್ಲೆ. ನೋಡೋಕೆ ಸುಲಭ. ನಾನು ಬೀಸಿದರೆ ಬಿಲ್ಲೆ ಬಟ್ಟಲು ಬಿಟ್ಟು ಮೊಣಕೈಗೇ ಬಡೀತಿತ್ತು. 12 ದಿನ, ಹಾಸ್ಟೆಲ್ ಟೆರೇಸ್, ರಾತ್ರಿ 10ರ ಮೇಲೆ. ಕೆಳಗಿನ ಮಹಡಿಯವರ ಬೈಗುಳ ಮಾತ್ರ ತಾಳಕ್ಕೆ ಸರಿಯಾಗಿ ಬೀಳ್ತಿತ್ತು. ಮಾರ್ಕೆಟಿಂಗ್ ಕೇಸ್ ಸ್ಟಡಿ ಯಾರೂ ಮುಟ್ಟಲಿಲ್ಲ.

ವೇದಿಕೆಯಲ್ಲಿ ಮೂರನೇ ಸುತ್ತಿಗೆ ನನ್ನ ದಾರ ಬಿಚ್ಚಿ, ಬಿಲ್ಲೆ ಉರುಳಿ ಜಡ್ಜ್ ಕಾಲ ಬಳಿ ಬಿತ್ತು. ಬರಿಗೈಯಲ್ಲೇ ಕುಣಿದೆ. ಎರಡನೇ ಬಹುಮಾನ. ಬಿಲ್ಲೆ ವಾಪಸ್ ಕೊಡುವಾಗ ಜಡ್ಜ್ ಮೇಡಂ ಕೇಳಿದ್ದು ಒಂದೇ: ‘ಗಂಟು ಹಾಕಿದ್ದು ಯಾರಪ್ಪಾ?’

ನಾನೇ.